ಬಾಗಿಲ ಬಳಿಯ ಚಾಪೆ

ಕಂಪಲಾಪುರದಿಂದಾಚೆಗಿನ ಆ ಊರಿನಲ್ಲಿ ಯೇಸುವನ್ನು ನಂಬಿದವರು ಒಟ್ಟು ಹನ್ನೊಂದು ಜನ. ಹನ್ನೊಂದು ಜನಕ್ಕೆ ಚರ್ಚು ಯಾರು ಕಟ್ಟಿಸಿಕೊಡುತ್ತಾರೆ? ಸಿದ್ದರಾಜುವಿನ ನಡುಮನೆಯೇ ಅವರ ಸಭೆ, ಸಿದ್ದರಾಜುವೇ ಅದರ ಹಿರಿಯ. ಭಾನುವಾರ ಅಲ್ಲಿ ಸೇರಿ ಹಾಡುತ್ತಿದ್ದರು, ಪ್ರಾರ್ಥಿಸುತ್ತಿದ್ದರು, ಕೊನೆಗೆ ಮೇಜಿನ ಮೇಲಿನ ಒಂದೇ ರೊಟ್ಟಿಯನ್ನು ಮುರಿದು ಹಂಚಿಕೊಳ್ಳುತ್ತಿದ್ದರು.

ಆದರೆ ಅವರ ಅನ್ಯೋನ್ಯತೆ ನಿಜವಾಗಿ ಬೆಳೆದದ್ದು ನಡುಮನೆಯಲ್ಲಲ್ಲ, ಬ್ಯಾರನ್ನಿನ ಒಲೆಯ ಮುಂದೆ. ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ನೇತುಹಾಕಿ ಬಿಸಿಗೆ ಬೇಯಿಸುವ ಹೆಂಚಿನ ಕೋಣೆ; ಅದಕ್ಕೆ ಒಮ್ಮೆ ಉರಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಕಾಯಬೇಕು. ಒಣಗಿದ ಸೊಪ್ಪು ಉದುರಿ, ಒಲೆಯ ಬಿಸಿ ಒಯ್ಯುವ ಕಾದ ಕೊಳವೆಯ ಮೇಲೆ ಬಿದ್ದರೆ ಮುಗಿಯಿತು, ಇಡೀ ಬ್ಯಾರನ್ ಹೊತ್ತಿಕೊಳ್ಳುತ್ತದೆ. ಅದಕ್ಕೇ ಅವರಲ್ಲೊಂದು ಕಟ್ಟಳೆಯಿತ್ತು: ಯಾರು ಉರಿ ಹಾಕಿದರೂ ಸಭೆಯ ಒಬ್ಬರು ಜೊತೆಗೆ ಹೋಗಿ ಕೂರಬೇಕು, ಒಬ್ಬ ತೂಕಡಿಸಿದರೆ ಇನ್ನೊಬ್ಬ ಹಾಡು ಎತ್ತಬೇಕು. ಅವರಲ್ಲೊಬ್ಬನಾದ ಗುರುಸ್ವಾಮಿಯ ಹಾಡಂತೂ ಸತ್ತವರೂ ಎದ್ದು ಕೂರುವಷ್ಟು ಕೆಟ್ಟದಾಗಿತ್ತು. ಸಿದ್ದರಾಜು ಇಪ್ಪತ್ತು ವರ್ಷ ಆ ಹಾಡು ಕೇಳಿಕೊಂಡೇ ತನ್ನ ಬ್ಯಾರನ್ ಕಾದಿದ್ದ. ಸಿದ್ದರಾಜುವಿನ ಹೆಂಡತಿ ತೀರಿಕೊಂಡಾಗ, ಮತ ಬದಲಿಸಿದವರೆಂದು ಊರವರು ಹೆಗಲು ಕೊಡಲಿಲ್ಲ. ಅವತ್ತು ಗುಂಡಿಯವರೆಗೂ ಹೆಗಲು ಬದಲಾಯಿಸದೆ ಹೊತ್ತವನು ಇದೇ ಗುರುಸ್ವಾಮಿ.

ಹೋದ ವರ್ಷ ಹೊರಗಿನಿಂದ ಬೋಧಕರೊಬ್ಬರು ಬಂದರು. ಹೊಗೆಸೊಪ್ಪು ಬೆಳೆಯುವುದು ಪಾಪ, ಬೆಳೆಯುವವರು ಕರ್ತನ ರೊಟ್ಟಿ ಮುಟ್ಟಬಾರದು ಎಂದು ಹೇಳಿ ಹೋದರು. ಸಿದ್ದರಾಜು ಅಷ್ಟರಲ್ಲಾಗಲೇ ಬ್ಯಾರನ್ ಬಿಟ್ಟಿದ್ದ. ಬಿಟ್ಟದ್ದು ದಮ್ಮಿನ ಕಾಯಿಲೆಗೆ, ಡಾಕ್ಟರ ಮಾತಿಗೆ. ಆದರೆ ಬೋಧಕರ ಮುಂದೆ ಎದ್ದು ನಿಂತು ಸಾಕ್ಷಿ ಹೇಳುವಾಗ ಪಾಪವೆಂದು ಬಿಟ್ಟೆ ಎಂದುಬಿಟ್ಟ. ಎಲ್ಲರೂ ಸ್ತೋತ್ರ ಹೇಳಿದರು. ಆಡಿದ ಮಾತಿನಿಂದ ಮತ್ತೆ ಕೆಳಗಿಳಿಯಲು ಅವನಿಗೆ ಆಗಲಿಲ್ಲ.

ಉಳಿದವರು ಹೇಗೋ ಶುಂಠಿ, ಜೋಳ ಎಂದು ಬೆಳೆ ಬದಲಾಯಿಸಿದರು. ಗುರುಸ್ವಾಮಿಯ ಶುಂಠಿ ಕೊಳೆತುಹೋಗಿತ್ತು, ಅವನು ಹೊಗೆಸೊಪ್ಪಿಗೇ ಮರಳಿದ. ಸಿದ್ದರಾಜು ಅವನಿಗೆ ಬಾಗಿಲ ಬಳಿ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಒಂದು ಚಾಪೆ ಹಾಸಿಸಿದ. ಹಾಡು ಕೇಳಬಹುದು, ರೊಟ್ಟಿಯಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಸಭೆಯವರು ಯಾರೂ ಅವನ ಬ್ಯಾರನ್ ಕಾಯಲು ಹೋಗಕೂಡದು ಎಂಬ ಮಾತನ್ನೂ ಸೇರಿಸಿದ. ಬೋಧಕರು ಅದನ್ನು ಹೇಳಿರಲೇ ಇಲ್ಲ.

ಗುರುಸ್ವಾಮಿ ಜಗಳವಾಡಲಿಲ್ಲ. ಒಂದು ಸಂಜೆ ಬಂದು ಜಗಲಿಯಂಚಿನಲ್ಲಿ ಕೂತ. "ರೊಟ್ಟಿ ಬ್ಯಾಡ ಅಂದ್ರೆ ಬುಡಿ ಅಣ್ಣ, ಬಾಗ್ಲತ್ರನೇ ಕೂತ್ಕತೀನಿ. ಬ್ಯಾರನ್ ತಾವ್ಕೆ ಮಾತ್ರ ಒಬ್ರನ್ನ ಕಳ್ಸಿ. ಒಬ್ನೇ ಆದ್ರೆ ಕಣ್ಣು ಎಳೀತದೆ."

ಪ್ರಾರ್ಥನೆ ಮಾಡು, ದೇವರು ಎಚ್ಚರ ಕೊಡುತ್ತಾನೆ ಎಂದು ಸಿದ್ದರಾಜು ಹೇಳಿ ಕಳಿಸಿದ. ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ. ಇಂಥ ಮಾತಿಗೆ ನಾಚಿಕೆ ಆಮೇಲೆ ಬರುತ್ತದೆ.

ಆಗಸ್ಟ್ ತಿಂಗಳ ಒಂದು ಭಾನುವಾರ ಚಾಪೆಯ ಮೇಲೆ ಗುರುಸ್ವಾಮಿಯ ಹೆಂಡತಿ ಮಾಯಮ್ಮ ಒಬ್ಬಳೇ ಇದ್ದಳು. ಉರಿ ಹಾಕಿ ನಾಲ್ಕನೇ ದಿನ, ಗಂಡ ಕಣ್ಣು ಮುಚ್ಚಿಲ್ಲ ಎಂದಳು. ಅವಳೂ ಅಲ್ಲೇ ಉಳಿಯುತ್ತೇನೆ ಎಂದಿದ್ದಳಂತೆ. ಮನೆಯಿಂದ ಒಬ್ಬರಾದರೂ ಸಭೆಗೆ ಹೋಗಬೇಕು ಎಂದು ಅವನೇ ಹಟ ಹಿಡಿದು ಕಳಿಸಿದ್ದ.

ರೊಟ್ಟಿ ಮುರಿಯುವ ಹೊತ್ತು. ಎಲ್ಲರೂ ತಲೆತಗ್ಗಿಸಿ ಹಾಡುತ್ತಿದ್ದರು. ನಿಂತಿದ್ದವನು ಸಿದ್ದರಾಜು ಒಬ್ಬನೇ, ಅವನ ಎದುರಿಗೆ ಕಿಟಕಿ, ಕಿಟಕಿಯಾಚೆ ದೂರದಲ್ಲಿ ಗುರುಸ್ವಾಮಿಯ ಬ್ಯಾರನ್. ಚಿಮಣಿಯಿಂದ ಬಿಳಿ ಹೊಗೆ ಏಳುತ್ತಿತ್ತು. ನೋಡನೋಡುತ್ತಿದ್ದಂತೆ ಹೆಂಚಿನ ಸಂದಿಯಿಂದ ಹಳದಿ ಬಣ್ಣದ ದಪ್ಪ ಹೊಗೆ ಹೊರಟಿತು. ಇಪ್ಪತ್ತು ವರ್ಷ ಬ್ಯಾರನ್ ಕಾದವನಿಗೆ ಒಳಗೆ ಸೊಪ್ಪು ಹೊತ್ತಿಕೊಂಡಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಹಸಿ ಸೌದೆ ತುಂಬಿರಬೇಕು ಎಂದುಕೊಂಡ. ಅದರ ಹಿಂದೆಯೇ ಇನ್ನೊಂದು ಮಾತು ಮನಸ್ಸಿಗೆ ಬಂತು: ಒಂದು ಸಲ ಸುಟ್ಟುಹೋಗಲಿ, ಆಗ ಬುದ್ಧಿ ಬರುತ್ತದೆ. ಹಾಡಿಗೆ ಇನ್ನೂ ಮೂರು ಚರಣ ಉಳಿದಿದ್ದವು. ಮೂರನ್ನೂ ಅವನು ಹಾಡಿ ಮುಗಿಸಿದ.

ಹಾಡು ಮುಗಿದು, ಬೆಂಕಿಯ ಸುದ್ದಿ ತಿಳಿದು ಸಭೆಯವರು ಓಡಿಹೋಗುವಷ್ಟರಲ್ಲಿ ಊರವರು ಕೊಡ ಹಿಡಿದು ನೀರು ಎರಚುತ್ತಿದ್ದರು. ಸಿದ್ದರಾಜುವಿನ ಹೆಂಡತಿ ತೀರಿಕೊಂಡಾಗ ಹೆಗಲು ಕೊಡದಿದ್ದ ಊರವರಲ್ಲೊಬ್ಬನಾದ ಶಿವನಂಜಪ್ಪನೇ ಇವತ್ತು ಅಂಗೈ ಸುಟ್ಟುಕೊಂಡು ಗುರುಸ್ವಾಮಿಯನ್ನು ಈಚೆಗೆ ಎಳೆದಿದ್ದ. ಬೆಂಕಿ ಆರಿಸಲು ಒದ್ದೆ ಗೋಣಿ ಹಿಡಿದು ಒಳಗೆ ನುಗ್ಗಿದ್ದ ಗುರುಸ್ವಾಮಿ ಬಾಗಿಲ ಹತ್ತಿರಕ್ಕೆ ವಾಪಸು ಬಂದು ಬಿದ್ದಿದ್ದ. ಉಸಿರು ಹೋಗಿತ್ತು. "ಹೊಗೆ ಕುಡ್ದು ಬಿದ್ದವ್ನೆ ಕಣ್ರಪ್ಪ," ಎಂದ ಶಿವನಂಜಪ್ಪ. "ಇನ್ನೊಬ್ಬ ಇದ್ದಿದ್ರೆ ಕೈ ಹಿಡ್ದು ಎಳ್ಕಬುಡೋನು."

ಈ ಸಲ ಹೆಗಲಿಗೆ ಜನ ಸಾಲದೆ ಹೋಗಲಿಲ್ಲ, ಊರೇ ಬಂದಿತ್ತು. ಸಿದ್ದರಾಜು ಗುಂಡಿಯವರೆಗೂ ಹೆಗಲು ಬದಲಾಯಿಸಲಿಲ್ಲ. ದಮ್ಮು ಎದೆ ಹಿಂಡುತ್ತಿತ್ತು, ಇನ್ನಷ್ಟು ಹಿಂಡಲಿ ಎನಿಸಿತು.

ಮುಂದಿನ ಭಾನುವಾರ ಮಾಯಮ್ಮ ಬಂದಳು. ಹೆಂಗಸರು ಎದ್ದು ಮೇಜಿನ ಪಕ್ಕಕ್ಕೆ ಕರೆದರೂ ಹೋಗದೆ ಚಾಪೆಯ ಪಕ್ಕದಲ್ಲಿ ಬರೀ ನೆಲದ ಮೇಲೆ ಕೂತಳು. ಹಾಡು ಮುಗಿಯಿತು. ಸಿದ್ದರಾಜು ರೊಟ್ಟಿ ಎತ್ತಿಕೊಂಡ, ಮುರಿಯದೆ ಹಾಗೇ ಕೆಳಗಿಟ್ಟ.

"ಅವತ್ತು ಹೊಗೆ ಎದ್ದಿದ್ದು ನಾನು ನೋಡ್ದೆ," ಎಂದ. "ಬ್ಯಾರನ್ ಹತ್ಕಂಡದೆ ಅಂತ ಗೊತ್ತಾಯ್ತು. ಗೊತ್ತಾಗೂ ಹಾಡು ಮುಗಿಸ್ದೆ. ನಾನು ಬ್ಯಾರನ್ ಬಿಟ್ಟಿದ್ದೂ ಪಾಪ ಅಂತಲ್ಲ, ದಮ್ಮಿಗೆ."

ಸಿದ್ದರಾಜು ಮೇಜು ಬಿಟ್ಟು ಬಾಗಿಲ ಕಡೆ ನಡೆದ. ಇನ್ನು ತನ್ನ ಜಾಗ ಅದೇ ಎಂದು ಒಂದು ವಾರ ಯೋಚಿಸಿ ತೀರ್ಮಾನಿಸಿದ್ದ. ಅಲ್ಲಿ ಕೂತರೆ ಎದೆಯ ಭಾರ ಒಂದಿಷ್ಟಾದರೂ ಇಳಿದೀತು ಎಂದು ಆಸೆಪಟ್ಟಿದ್ದ. ಬಗ್ಗಿ ಚಾಪೆಗೆ ಕೈಯೂರುವಷ್ಟರಲ್ಲಿ ಮಾಯಮ್ಮ ಅದನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳ ದನಿ ಏರಲಿಲ್ಲ.

"ಇಲ್ಲಿ ಕೂತ್ಕಬ್ಯಾಡಿ ಅಣ್ಣ. ಇದು ಅವ್ರ ಜಾಗ."

ಅವಳು ಚಾಪೆಯನ್ನು ನಿಧಾನವಾಗಿ ಸುರುಳಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಳು. ಸಿದ್ದರಾಜು ಮೇಜಿಗೂ ಬಾಗಿಲಿಗೂ ನಡುವೆ ನಿಂತೇ ಇದ್ದ. ಬಾ ಎಂದು ಯಾರೂ ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅವತ್ತು ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ.