ಗೊಬ್ಬರದ ಚೀಟಿ ಹಚ್ಚಿದ ಪ್ಲೇಟು

ನನಗೆ ಸಣ್ಣ ಪ್ಲೇಟುಗಳ ಹುಚ್ಚು. ಊಟದ ಪ್ಲೇಟಲ್ಲ, ಹಾಡಿನ ಪ್ಲೇಟು. ಒಂದೊಂದು ಮೈಗೆ ಒಂದೊಂದೇ ಹಾಡಿರುವ, ಗೇಣಗಲದ ಕರಿ ರಿಕಾರ್ಡು. ಸಿಂಧನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಂದಿನಿ ಟೀಚರು ರವಿವಾರ ಬಂತೆಂದರೆ ಸ್ಕೂಟಿ ಹತ್ತಿ ಹಳೇ ಮೈಕ್ ಸೆಟ್ಟಿನವರ ಅಟ್ಟ ಹತ್ತುತ್ತಾಳೆಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ. ಗುರುಗುಂಟಾದ ಒಂದೇ ಅಟ್ಟದಿಂದ ನಾನು ಅರವತ್ತು ಪ್ಲೇಟು ಇಳಿಸಿಕೊಂಡು ಬಂದವಳು.

ಹುಚ್ಚು ಹತ್ತಿಸಿದವಳು ನನ್ನ ಗಂಡ ರಾಜೇಶನ ಅಜ್ಜಿ ಆದಮ್ಮ. ನಾವೆಲ್ಲ ಆಯಿ ಅನ್ನುತ್ತೇವೆ. ನಾನು ಬಳಗಾನೂರಿಗೆ ಸೊಸೆಯಾಗಿ ಬಂದ ಮೂರನೇ ದಿನವೇ ಅಕ್ಕಿ ಹಸನು ಮಾಡುತ್ತ ಹೇಳಿದ್ದಳು.

"ನನ್ನ ಹಾಡು ಪ್ಲೇಟಿನ್ಯಾಗ ಐತಿ, ಗೊತ್ತೇನು? ನನಗ ಹದಿನೇಳು ಆಗ. ಪ್ಲೇಟಿನ ಕಂಪನಿಯವ್ರು ನಮ್ಮೂರ ಕನ್ನಡ ಸಾಲಿಗೆ ಬಂದು ಮೈಕ ಇಟ್ರು. ಸಸಿ ಹಚ್ಚೋ ಹಾಡು ಒಂದ ಸಲ ಹಾಡಿಸಿದ್ರು, ಕರೆಂಟ ಹೋತು, ಪೆಟ್ಟಿಗಿ ಕಟ್ಟಿಕೊಂಡು ಹೋದ್ರು. ಒಂದು ಮೈ ನಂದು, ಇನ್ನೊಂದು ಮೈ ಯಾವನೋ ಹಾರ್ಮೋನಿಯಂನವಂದು. ನಾ ಮಾತ್ರ ಇವತ್ತಿಗೂ ಕೇಳಿಲ್ಲ."

ಆ ಪ್ಲೇಟನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಎದುರು ಮನೆಯ ಕರೆಮ್ಮನಂತೂ ಐವತ್ತು ವರ್ಷದಿಂದ ಒಂದೇ ರಾಗ ಹಿಡಿದಿದ್ದಳು: "ಆದಿ ಬುರುಡಿ ಬಿಡತಾಳ." ಇಬ್ಬರೂ ಒಂದೇ ವಾರಿಗೆಯವರು, ಒಂದೇ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರು. ಹೋದ ತಿಂಗಳು ನಮ್ಮ ಮಗಳ ಹೆಸರಿಡುವ ದಿನ ತೊಟ್ಟಿಲ ಮುಂದೆ ಆಯಿ ಹಾಡು ಎತ್ತಿದಳು. ಕರೆಮ್ಮ ಬೀಗರ ಎದುರಿಗೇ ಅಂದುಬಿಟ್ಟಳು: "ಪ್ಲೇಟಿನ್ಯಾಗ ಹಾಡಿದಾಕಿ ಅಲ್ಲೇನ ನೀ? ತೋರಸು ನೋಡೋಣು. ಇದ್ರ ನಾ ಮೂಗು ಕೊಯ್ಸಿಕೊಂತೀನಿ!" ಎಲ್ಲರೂ ನಕ್ಕರು. ಆಯಿ ಹಾಡು ಅರ್ಧಕ್ಕೇ ನಿಲ್ಲಿಸಿದಳು. ಅಂದಿನಿಂದ ಕಟ್ಟೆಗೆ ಹೋಗಿಲ್ಲ, ಅಕ್ಕಿ ಆರಿಸುವಾಗ ಗುನುಗಿಯೂ ಇಲ್ಲ. ನಮ್ಮ ಮನೆಯಲ್ಲಿ ಆಯಿಯ ಗುನುಗಿಲ್ಲದೆ ನನಗೆ ಅನ್ನ ಸೇರುತ್ತಿರಲಿಲ್ಲ. ಪ್ಲೇಟು ಹುಡುಕದೆ ಬಿಡುವುದಿಲ್ಲ ಅಂದುಕೊಂಡೆ.

ಈ ರವಿವಾರ ಮುಂಜಾನೆ ಮಸ್ಕಿಗೆ ಹೋದೆ, ಮಕ್ತುಮ್‌ಸಾಬ್ ಚಾಚಾನ ಮನೆಗೆ. ನಲವತ್ತು ವರ್ಷ ಮದುವೆಗಳಿಗೆ ಮೈಕ್ ಸೆಟ್ ಕಟ್ಟಿದ ಮನುಷ್ಯ. ಚಹಾ ಕುಡಿಯುತ್ತ ನಾನು ಆಯಿಯ ಧಾಟಿಯನ್ನು ಗುನುಗಿ ತೋರಿಸಿದೆ. ಚಾಚಾ ಚಹಾದ ಬಸಿ ಕೆಳಗಿಟ್ಟುಬಿಟ್ಟ.

"ಅರೇ ಬೇಟಿ! ಇದು ಗುರುಗುಂಟಾ ಮೈಲಾರಲಿಂಗಪ್ಪನ ಮೈಕ್ ಸೆಟ್ಟಿನ ಹಾಡು! ಬೀಗರು ಉಣ್ಣಾಕ ಕುಂತ್ರಂದ್ರ ಇದನ್ನ ಹಚ್ಚತಿದ್ದ. ಮಂದಿ ನಮ್ಮ ಸೆಟ್ ಬಿಟ್ಟು ಅವನ ಸೆಟ್ ಕರಸಾಕ ಹತ್ತಿದ್ರು. ಏನ ಮಾಡಿದ್ರೂ ಅದರ ಹೆಸರು ಸಿಗಲಿಲ್ಲ ನಮಗ."

"ಪ್ಲೇಟಿನ ನಡುವಿನ ಚೀಟಿ ಓದಿದ್ರ ಸಿಗತಿತ್ತಲ್ಲ ಚಾಚಾ?"

"ಓದಾಕ ಬಿಟ್ರ ತಾನೇ! ಛಲೋ ಹಾಡು ಸಿಕ್ರ ಅದರ ಮ್ಯಾಲೆ ಬ್ಯಾರೆ ಚೀಟಿ ಹಚ್ಚಿ ಬಿಡತಿದ್ವಿ, ಇನ್ನೊಂದು ಸೆಟ್ಟಿನವ ನೋಡಬಾರದಂತ. ನಾನೂ ಹಚ್ಚೀನಿ. ಮೈಲಾರಲಿಂಗಪ್ಪ ಎರಡೂ ಮೈಗೆ ಗೊಬ್ಬರದ ಜಾಹೀರಾತಿನ ಚೀಟಿ ಹಚ್ಚಿದ್ದ. ಹಸಿರು ಚೀಟಿ, ಅದರ ಮ್ಯಾಲೆ ಒಂದು ಜ್ವಾಳದ ತೆನಿ."

ಹಸಿರು ಚೀಟಿ, ಜೋಳದ ತೆನೆ. ಗುರುಗುಂಟಾದಲ್ಲಿ ನಾನು ಹತ್ತಿದ್ದು ಅವನ ಅಟ್ಟವನ್ನೇ, ಆ ಅರವತ್ತು ಪ್ಲೇಟಿನಲ್ಲಿ ಅದೂ ಇತ್ತು. ನಾನು ಒಂದು ಸಲವೂ ಹಚ್ಚಿ ಕೇಳಿರಲಿಲ್ಲ. ಗೊಬ್ಬರದ ಜಾಹೀರಾತಿಗೆ ನನ್ನ ಸೂಜಿ ಸವೆಸಬೇಕೇ ಎಂಬ ದಿಮಾಕು! ಅದನ್ನೂ ಸೇರಿಸಿ ಹತ್ತು ಜಾಹೀರಾತಿನ ಪ್ಲೇಟು ಕಟ್ಟಿ ಲಿಂಗಸುಗೂರಿನ ಹುಸೇನ್‌ಸಾಬನಿಗೆ ಕೊಟ್ಟು, ಬದಲಿಗೆ ಒಂದು ನಾಟಕದ ಹಾಡಿನ ಪ್ಲೇಟು ತಂದಿದ್ದೆ. ಲಾಭವಾಯಿತೆಂದು ಆ ದಿನ ರಾಜೇಶನಿಗೆ ಮಿರ್ಚಿ ಬಜ್ಜಿ ಬೇರೆ ಕೊಡಿಸಿದ್ದೆ.

ಹುಸೇನ್‌ಸಾಬ್ ಹಾಡು ಕೇಳುವವನಲ್ಲ. ಗಡಿಯಾರ ರಿಪೇರಿಯವನು. ಹಳೇ ಪ್ಲೇಟಿನ ನಡುವಿನ ತೂತು ದೊಡ್ಡದು ಮಾಡಿ, ಮುಳ್ಳು ಕೂಡಿಸಿ, ಅಂಕಿ ಅಂಟಿಸಿ ಗೋಡೆ ಗಡಿಯಾರ ಮಾಡಿ ಮಾರುತ್ತಾನೆ!

ಸ್ಕೂಟಿ ಲಿಂಗಸುಗೂರಿಗೆ ಹೇಗೆ ಮುಟ್ಟಿತೋ ನನಗೆ ಗೊತ್ತಿಲ್ಲ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ, ಕುರಿ ಹಿಂಡು ಅಡ್ಡ ಬಂದಾಗ ಕುರಿಗಳನ್ನೂ ಬೈದೆ. ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಹುಸೇನ್‌ಸಾಬ್ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ.

"ಹಸಿರು ಚೀಟಿದು ಎಲ್ಲೈತ್ರೀ?"

"ಹತ್ತೂ ಗಡಿಯಾರ ಆಗಿ ಹೋದವ್ರೀ ಟೀಚರ್."

ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದೆ. ಅವನು ಗಾಬರಿಯಾಗಿ ನೀರು ಕೊಟ್ಟ.

"ಹಸಿರುದು ಒಬ್ಬ ಕಂಡಕ್ಟರ್ ಒಯ್ದಾನ್ರೀ. ಅಜ್ಜಿಗೆ ಕೊಡಬೇಕು, ತೆನಿ ಚಿತ್ರ ಛಲೋ ಐತಿ ಅಂದ. ನೀವ ಕಳಿಸಿದ್ರಂತಲ್ಲ? ನಿಮ್ಮ ಹೆಸರು ಹೇಳಿದ, ಅದಕ್ಕ ಹತ್ತು ರೂಪಾಯಿ ಕಡಿಮಿ ಮಾಡೀನಿ."

ನಾನೇ ಕಳಿಸಿದ್ದೆ! ಎದುರು ಮನೆಯ ಆಂಜನೇಯ, ಲಿಂಗಸುಗೂರು ಬಸ್ಸಿನ ಕಂಡಕ್ಟರು, ಅಜ್ಜಿಗೆ ಏನಾದರೂ ಒಯ್ಯಬೇಕು ಟೀಚರ್ ಅಂದಾಗ ನಾನೇ ಈ ಅಂಗಡಿ ತೋರಿಸಿದ್ದೆ. ಅವನ ಅಜ್ಜಿ ಯಾರು? ಕರೆಮ್ಮ!

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕ್ಕೆ. ಅಂಗಡಿಯಲ್ಲಿ ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆಯಿಯ ಮಾತಿಗಿದ್ದ ಒಂದೇ ಸಾಕ್ಷಿ ಆಯಿಯ ವೈರಿಯ ಗೋಡೆಯ ಮೇಲೆ ಟಿಕ್ ಟಿಕ್ ಅನ್ನುತ್ತಿತ್ತು, ಅದನ್ನು ಅಲ್ಲಿ ತೂಗುಹಾಕಿಸಿದವಳು ನಾನು.

ಬಳಗಾನೂರು ಮುಟ್ಟಿದಾಗ ನಾಲ್ಕಾಗಿತ್ತು. ಕರೆಮ್ಮನ ಗಡಿಯಾರವೇ ಹೇಳಿತು. ಆಂಜನೇಯನಿಗೆ ರಜೆ, ಬಾಗಿಲಲ್ಲೇ ಕೂತಿದ್ದ. ವಿಷಯ ಕೇಳಿ ಅವನು ಗಡಿಯಾರ ಇಳಿಸಲು ಎದ್ದ. ಕರೆಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಮುಟ್ಟಿದ್ರ ನೋಡು! ನನ್ನ ಮೊಮ್ಮಗ ತಂದಾನ. ಆ ಬುರುಡಿ ಬಿಡೋಳ ಸಲುವಾಗಿ ಬಿಚ್ಚಬೇಕಾ?"

"ಕರೆಮ್ಮಾಯಿ, ಹಾಡು ಇರಲಿಲ್ಲಂದ್ರ ನಾಳೆ ನಾನ ಹೊಸ ಗಡಿಯಾರ ತಂದು ಹಾಕತೀನಿ. ಮತ್ತ ಊರ ಮುಂದ ನಮ್ಮ ಆಯಿದು ಸುಳ್ಳು ಅಂತ ನಾನ ಹೇಳತೀನಿ."

ಇದು ಅವಳಿಗೆ ರುಚಿಸಿತು. ಸರಿದು ನಿಂತಳು. ನನಗೆ ಮಾತ್ರ ಒಂದೇ ದಿಗಿಲು, ಅಂಕಿ ಅಂಟಿಸಿದ ಮೈಯಲ್ಲಿ ಸೂಜಿ ಓಡುವುದಿಲ್ಲ; ಆ ಮೈ ಯಾವುದೋ, ಆಯಿಯ ಮೈ ಯಾವುದೋ! ಮುಳ್ಳು ಬಿಚ್ಚಿದೆವು. ಹಿಂದಿನ ಮೈಯ ಹಸಿರು ಚೀಟಿಯನ್ನು ಚಹಾದ ಕಿಟ್ಲಿಯ ಉಗಿಗೆ ಹಿಡಿದು ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಕೆಳಗೆ ಕೆಂಪು ಚೀಟಿ ಕಂಡಿತು. "ಸಸಿ ಹಚ್ಚುವ ಹಾಡು. ಆದಮ್ಮ, ಬಳಗಾನೂರು."

ನಾನು ಕೂಗಿದ ಕೂಗಿಗೆ ನಮ್ಮ ಮನೆಯಿಂದ ರಾಜೇಶ ಕೂಸನ್ನೆತ್ತಿಕೊಂಡು ಓಡಿ ಬಂದ. ಹಿಂದೆಯೇ ಆಯಿ, ಒಂದು ತಿಂಗಳ ಮೇಲೆ ಮೊದಲ ಸಲ ಆ ಹೊಸ್ತಿಲು ತುಳಿದಳು.

ಸ್ಕೂಟಿಯ ಡಿಕ್ಕಿಯಲ್ಲಿದ್ದ ನನ್ನ ಸಣ್ಣ ಬ್ಯಾಟರಿ ಪ್ಲೇಯರ್ ತಂದು ಪ್ಲೇಟು ಇಟ್ಟೆ. ತೂತು ದೊಡ್ಡದಾಗಿ ಪ್ಲೇಟು ಕುಡಿದವನ ಹಾಗೆ ತೂರಾಡಿತು, ಹಾಡು ಒಯ್ಯೋ ಒಯ್ಯೋ ಅಂದಿತು. ಕರೆಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಆಂಜನೇಯ ತನ್ನ ಚೀಲದಿಂದ ಟಿಕೆಟ್ ಕಾಗದ ಹರಿದು ಸುರುಳಿ ಸುತ್ತಿ ತೂತಿಗೆ ತುರುಕಿದ. ಪ್ಲೇಟು ನೆಟ್ಟಗಾಯಿತು. ಸೂಜಿ ಇಟ್ಟೆ.

ಕಾಲುವಿ ನೀರು ಬಂತ, ಕಾಲಿಗೆ ಕೆಸರು ಬಂತ
ಸಾಲ ಹಿಡಿ ತಂಗಿ ಸಸಿ ಹಚ್ಚ

ಹದಿನೇಳರ ದನಿ. ಎಳೆಯದು, ಸೊಕ್ಕಿನದು. ಆಯಿ ಎರಡೂ ಕೈ ಕೆನ್ನೆಗಿಟ್ಟುಕೊಂಡು, "ನಾನ ಲೇ! ನಾನ!" ಅಂದಳು. ಕರೆಮ್ಮ ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಹಾಡು ತಟ್ಟನೆ ನಿಂತಿತು. ಪ್ಲೇಟು ತಿರುಗುತ್ತಲೇ ಇತ್ತು, ಆದಮ್ಮನ ದನಿ ಮಾತ್ರ ಇಲ್ಲ.

"ಇಲ್ಲೇ ಮರತೆ ನೋಡು ನಾ," ಎಂದು ಆಯಿ ಪಿಸುಗುಟ್ಟಿದಳು.

ಆಗ ಪ್ಲೇಟಿನೊಳಗಿಂದ, ದೂರದಿಂದ, ಕಿಟಕಿಯ ಆಚೆಯಿಂದ ಎಂಬಂತೆ ಇನ್ನೊಂದು ಹುಡುಗಿಯ ದನಿ ಬಂತು: "ಬುತ್ತಿ! ಬುತ್ತಿ ಅನ್ನು ಲೇ ಆದೀ! ಹೊತ್ತು ಏರಿತು ತಂಗಿ..." ಹಾಡು ಮತ್ತೆ ಎದ್ದಿತು.

ಹೊತ್ತು ಏರಿತು ತಂಗಿ, ಬುತ್ತಿ ಬಂದಿಲ್ಲ ಇನ್ನ
ಎತ್ತ ನೋಡಲಿ ದಾರಿ ಬದುವೀಗಿ

ಕರೆಮ್ಮ ಧೊಪ್ಪನೆ ಕೂತುಬಿಟ್ಟಳು. ಹಾಡು ಮುಗಿಯಿತು. ಆಮೇಲೆ ಅವಳೇ ಬಾಯಿಬಿಟ್ಟಳು.

"ನನಗ ಒಳಗ ಬಾ ಅನ್ನಲಿಲ್ಲ ಅವ್ರು. ನಿನ್ನ ದನಿ ಒಡದೈತಿ ಅಂದ್ರು. ನಾ ಕಿಟಕಿ ಸಳಿ ಹಿಡಕೊಂಡು ಹೊರಗ ನಿಂತಿದ್ದೆ. ನೀನೂ ಒಂದ ಸಲ ಹೊಳ್ಳಿ ನೋಡಲಿಲ್ಲ ಆದೀ."

ಐವತ್ತು ವರ್ಷದ ಸಿಟ್ಟು ಇಷ್ಟೇ ಆಗಿತ್ತು. ನನ್ನ ಕಣ್ಣು ತುಂಬಿದವು, ನಾಚಿಕೆಯಿಲ್ಲದೆ ಹೇಳುತ್ತೇನೆ. ಆಯಿ ಅವಳ ಪಕ್ಕಕ್ಕೆ ಸರಿದು ಕೂತು ಮೊಣಕೈಯಿಂದ ತಿವಿದಳು.

"ನೀ ಒದರಲಿಲ್ಲಂದ್ರ ನನ್ನ ಹಾಡು ಅಲ್ಲೇ ಸಾಯತಿತ್ತು ಬೇ. ಈಗ ಮೂಗು ತಾ, ಕೊಯ್ಯತೀನಿ."

ಕರೆಮ್ಮ ಮೂಗು ಮುಂದೆ ಮಾಡಿದಳು, ಆಯಿ ಹಿಡಿದು ಜಗ್ಗಿದಳು, ಇಬ್ಬರೂ ಕಿಸಕ್ಕನೆ ನಕ್ಕರು. ಆ ನಗು ಕೇಳಿ ಕೂಸೂ ನಕ್ಕಿತು.

ಇಂಥ ಪ್ಲೇಟು ಇನ್ನೊಂದು ಇರಲಿಕ್ಕಿಲ್ಲ. ನನ್ನೊಳಗಿನ ವ್ಯಾಪಾರಿ ಎದ್ದು ಕೂತಿದ್ದಳು. ನನ್ನ ಹತ್ತಿರವಿರುವ ಯಾವ ಇಪ್ಪತ್ತು ಪ್ಲೇಟು ಬೇಕಾದರೂ ಆರಿಸಿಕೊ, ಜೊತೆಗೆ ಹೊಸ ಗಡಿಯಾರವನ್ನೂ ತರುತ್ತೇನೆ, ಇದನ್ನು ಕೊಡು ಎಂದು ಕರೆಮ್ಮನನ್ನು ಕೇಳಿದೆ.

ಅವಳು ಗೋಡೆಯ ಖಾಲಿ ಮೊಳೆಯನ್ನೂ ಪ್ಲೇಟನ್ನೂ ನೋಡಿದಳು.

"ಒಯ್ಯಿ. ಆದ್ರ ಮೊದಲ ಇನ್ನೊಂದ ಸಲ ಹಚ್ಚು," ಅಂದಳು. "ಆದಿದು ಬಿಡು, ಕೇಳಿ ಕೇಳಿ ಸಾಕಾಗೈತಿ. ನಾ ಹಾಡಿದ್ದು ಬರತೈತಲ್ಲ, ಅಲ್ಲಿಂದ ಹಚ್ಚು."