ಮಾದರಿ ಸಂಸಾರ

ನಮ್ಮ ಮನೆ ಉದ್ದಕ್ಕೆ ಏಳು ಹೆಜ್ಜೆ, ಅಡ್ಡಕ್ಕೆ ನಾಲ್ಕು. ಮೇಲೆ ತಗಡು, ಕೆಳಗೆ ಕಟ್ಟಡದ ಕೆಲಸದಲ್ಲಿ ಉಳಿದ ಒಡಕು ಟೈಲ್ಸು. ಮಲಗುವವರು ಐದು ಜನ: ಅತ್ತೆ, ಗಂಡ, ನಾನು, ಇಬ್ಬರು ಹೆಣ್ಣುಮಕ್ಕಳು. ಒಬ್ಬರು ಮಗ್ಗುಲಾದರೆ ಐವರೂ ಮಗ್ಗುಲಾಗಬೇಕು. ಅತ್ತೆಗೆ ಕನಸು ಬಿದ್ದರೆ ನನಗೆ ಒದೆ.

ಇಂಥ ಮನೆಗಳು ನಮ್ಮ ಸಾಲಿನಲ್ಲಿ ಹನ್ನೊಂದು. ಆಡುವ ಭಾಷೆ ಆರು. ನಲ್ಲಿ ಒಂದೇ. ಹಾಗಾಗಿ ಆರೂ ಭಾಷೆಯ ಬೈಗುಳ ಎಲ್ಲರಿಗೂ ಬಾಯಿಪಾಠ. ಸಾಲಿನ ಎದುರಿಗೇ ಒಂಬತ್ತು ಮಹಡಿಯ ಕಟ್ಟಡ. ಅದನ್ನು ಕಟ್ಟಿದ್ದು ನಾವೇ. ಗಂಡ ಟೈಲ್ಸ್ ಹಾಕುವವನು, ನಾನು ಗೋಡೆಗೆ ನೀರು ಹೊಡೆಯುವವಳು. ಬೇರೆ ಕಡೆಯಿಂದ ಹೆಚ್ಚು ಕೂಲಿಗೆ ಕರೆ ಬಂದರೂ ಎರಡು ವರ್ಷ ನಾವು ಯಾರೂ ಕದಲಲಿಲ್ಲ. ಮ್ಯಾನೇಜರ್ ಮಾತು ಕೊಟ್ಟಿದ್ದ.

"ಕಟ್ಟಡ ಮುಗಿದ ಮೇಲೂ ನೀವು ಇಲ್ಲೇ ಇರಿ. ನಿಮ್ಮ ಮನೆಗಳನ್ನ ನಾನು ಮುಟ್ಟೋಲ್ಲ. ನಂಬಿಕೆ ಇಡಿ."

ಇಟ್ಟೆವು. ಅವನಿಗೆ ಒಂದು ಹೆಸರನ್ನೂ ಇಟ್ಟೆವು: ಹಲ್ಲುಪುಡಿ. ಕೂಲಿ ಮುರಿದುಕೊಳ್ಳುವಾಗಲೂ ಮೂವತ್ತೆರಡು ಹಲ್ಲು ಬಿಡುತ್ತಿದ್ದ.

ಒಂದು ಶನಿವಾರ ಹಲ್ಲುಪುಡಿ ನಮ್ಮ ಬಾಗಿಲಿಗೇ ಬಂದ.

"ಅಜ್ಜಿ, ನಾಳೆ ಮನೆ ಕೊಳ್ಳೋರು ನೋಡೋಕೆ ಬರ್ತಾರೆ. ಆರನೇ ಮಹಡೀಲಿ ಒಂದು ಮನೇನ ಪೂರ್ತಿ ಅಲಂಕಾರ ಮಾಡಿದ್ದೀವಿ. ಆದ್ರೆ ಖಾಲಿ ಮನೆ ನೋಡಿದ್ರೆ ಯಾರಿಗೂ ಆಸೆ ಹುಟ್ಟಲ್ಲ. ಒಂದು ಸಂಸಾರ ಓಡಾಡ್ಕೊಂಡಿರ್ಬೇಕು. ನಿಮ್ಮನ್ನ ಮಾದರಿ ಸಂಸಾರ ಅಂತ ಆರಿಸಿದ್ದೀವಿ."

ಮಾದರಿ ಸಂಸಾರ! ಅತ್ತೆ ಎದ್ದು ನಿಂತರು. ಎಪ್ಪತ್ತು ವರ್ಷದಲ್ಲಿ ಅವರನ್ನು ಯಾರೂ ಯಾತಕ್ಕೂ ಆರಿಸಿರಲಿಲ್ಲ. ಹಲ್ಲುಪುಡಿ ಬೆನ್ನು ತಿರುಗಿಸುವಷ್ಟರಲ್ಲಿ ಹನ್ನೊಂದು ಮನೆಗೂ ಡಂಗುರ ಸಾರಿ ಬಂದರು.

"ಜಗಳ ಆಡ್ದೇ ಇರೋ ಸಂಸಾರ ಯಾವುದು ಅಂತ ಎರಡು ವರ್ಷದಿಂದ ನೋಡ್ತಾ ಇದ್ರಂತೆ ಕಣೇ! ನಮ್ಮನ್ನೇ ಆರಿಸಿದ್ರು!"

"ನಿನ್ನೆ ತಾನೇ ನಲ್ಲಿ ಹತ್ರ ನನ್ನ ಬಿಂದಿಗೆ ಎಸೆದ್ಯಲ್ಲಜ್ಜಿ," ಎಂದಳು ಪಕ್ಕದ ಮನೆಯ ಹೊಲಿಗೆಯವಳು.

"ಅದು ನಿನ್ನೆ. ಇವತ್ತಿಂದ ನಾನು ಮಾದರಿ. ನೋಡ್ಕೊಂಡು ಕಲಿ."

ಗಂಡ ತಡೆಯಲಾರದೆ ಹೇಳಿದ: "ಅಮ್ಮಾ, ಮಾದರಿ ಅಂದ್ರೆ ಅದಲ್ಲ. ಸ್ಯಾಂಪಲ್ಲು. ಟೈಲ್ಸ್ ಅಂಗಡೀಲಿ ಒಂದು ತುಂಡು ತೋರಿಸ್ತಾರಲ್ಲ, ಹಾಗೆ."

"ನೀನು ಸ್ಯಾಂಪಲ್ಲು. ನಾನು ಮಾದರಿ," ಎಂದರು ಅತ್ತೆ.

ಭಾನುವಾರ ಒಗೆದ ಬಟ್ಟೆ ಹಾಕಿಕೊಂಡು ಆರು ಮಹಡಿ ಹತ್ತಿದೆವು. ಲಿಫ್ಟು ಮನೆ ಕೊಳ್ಳುವವರಿಗೆ ಮಾತ್ರವಂತೆ. ಮಲಗಲು ಮೂರು ಕೋಣೆ, ಅದರ ಮೇಲೆ ಬರೀ ಬಟ್ಟೆ ಇಡುವುದಕ್ಕೇ ಇನ್ನೊಂದು ಕೋಣೆ. ಇಪ್ಪತ್ತೊಂದು ದಿನ ಆ ಗೋಡೆಗಳಿಗೆ ನೀರು ಕುಡಿಸಿದವಳು ನಾನು. ಬಣ್ಣ ಬಳಿಸಿಕೊಂಡ ಮೇಲೆ ಅವಕ್ಕೆ ನನ್ನ ಗುರುತೇ ಸಿಕ್ಕಲಿಲ್ಲ.

ಟಿವಿ ರಟ್ಟಿನದು. ಪುಸ್ತಕಗಳಿಗೆ ಬೆನ್ನಿದೆ, ಹಾಳೆಯಿಲ್ಲ. ನಲ್ಲಿ ತಿರುಗುತ್ತದೆ, ನೀರಿಲ್ಲ. ಬಚ್ಚಲಿಗೆ ಬೀಗ.

"ಕೂತ್ಕೊಳ್ಳಿ, ಆದ್ರೆ ಒರಗ್ಬೇಡಿ," ಎಂದ ಹಲ್ಲುಪುಡಿ. "ನಗ್ತಾ ಇರಿ, ಜೋರಾಗಿ ಬೇಡ. ಏನನ್ನೂ ಮುಟ್ಟಬೇಡಿ. ಆದ್ರೆ ನಿಮ್ಮದೇ ಮನೆ ಅನ್ನೋ ಹಾಗಿರ್ಬೇಕು."

"ಒಂದಕ್ಕೆ ಬಂದ್ರೆ?" ಅತ್ತೆ ಕೇಳಿದರು.

"ಕೆಳಗೆ ಹೋಗಿ ಬನ್ನಿ ಅಜ್ಜಿ."

"ಮಾದರಿ ಸಂಸಾರಕ್ಕೆ ಒಂದಕ್ಕೂ ಬರಬಾರದು ಅನ್ನು."

ಅಷ್ಟರಲ್ಲಿ ಅವರು ಮೇಜಿನ ಮೇಲಿದ್ದ ಸೇಬು ಕಚ್ಚಿಯಾಗಿತ್ತು. ಪ್ಲಾಸ್ಟಿಕ್ಕು. ಹಲ್ಲಿನ ಗುರುತು ಕಾಣದಂತೆ ಹಲ್ಲುಪುಡಿ ಅದನ್ನು ಗೋಡೆಯ ಕಡೆ ತಿರುಗಿಸಿಟ್ಟ.

ಗಂಡ ಹೆಂಡತಿ ಇಬ್ಬರು ಮನೆ ನೋಡಲು ಬಂದರು. ಆತ ಎಲ್ಲ ತಿಳಿದವನ ಹಾಗೆ ಗೋಡೆ ತಟ್ಟಿ ತಟ್ಟಿ ನೋಡಿದ. ಆಕೆಯ ಕೈಯಲ್ಲಿ ಬಣ್ಣದ ಜಾಹೀರಾತು ಹಾಳೆ ಇತ್ತು. ಹಲ್ಲುಪುಡಿ ಪಾಠ ಒಪ್ಪಿಸಿದ:

"ದೊಡ್ಡ ಸಂಸಾರಕ್ಕೆ ಹೇಳಿ ಮಾಡಿಸಿದ ಮನೆ ಮೇಡಂ. ಸುತ್ತ ನಾನಾ ಊರಿನ, ನಾನಾ ಭಾಷೆಯ ನೆರೆಹೊರೆ. ಹೊಲಿಗೆಯವರು, ಚಹಾದವರು, ಇಸ್ತ್ರಿಯವರು, ಎಲ್ಲಾ ಕೂಗಿದ್ರೆ ಬರೋ ಅಷ್ಟು ಹತ್ರ. ನಿಮ್ಮ ಮಕ್ಕಳು ಆಟ ಆಡ್ತಾ ಆಡ್ತಾನೇ ಆರು ಭಾಷೆ ಕಲೀತಾರೆ."

"ಏನು ಕಲೀತಾರೆ ಅಂತ ನಂಗೊತ್ತು," ಎಂದರು ಅತ್ತೆ ಮೆಲ್ಲಗೆ.

"ಹೊರಗಡೆ ಜಾಗಾನೂ ಇದೆ ಅಂತ ಬರೆದಿದೆಯಲ್ಲ?" ಆಕೆ ಕೇಳಿದಳು.

"ಇಲ್ದೇ ಉಂಟೇ! ಹುಲ್ಲುಹಾಸು, ಉಯ್ಯಾಲೆ, ಮಕ್ಕಳು ಆಡೋಕೆ ನೀರಿನ ಕೊಳ. ಬನ್ನಿ." ಹಲ್ಲುಪುಡಿ ಬಾಲ್ಕನಿಯ ಬಾಗಿಲು ಸರಿಸಿದ. ನಾವೂ ಹಿಂದೆಯೇ ಹೋಗಿ ಬಗ್ಗಿ ನೋಡಿದೆವು. ಕೆಳಗೆ ಹನ್ನೊಂದು ತಗಡು. ಒಂದರ ಮೇಲೆ ನನ್ನ ದೊಡ್ಡ ಮಗಳ ಶಾಲೆಯ ಬಟ್ಟೆ ಒಣಗುತ್ತಿತ್ತು.

"ಹುಲ್ಲು ಎಲ್ಲಿ?"

"ಅದೇ ಜಾಗ ಮೇಡಂ. ಆ ತಗಡುಗಳು ನಾಳೆ ಸೋಮವಾರ ಹೋಗುತ್ವೆ. ಕೆಡವೋ ಯಂತ್ರಕ್ಕೆ ಹೇಳಿಯಾಗಿದೆ."

"ಮತ್ತೆ ಆ ನಾನಾ ಭಾಷೆಯ ನೆರೆಹೊರೆ?"

"ಅದೂ ಇರುತ್ತೆ ಮೇಡಂ. ಸ್ವಲ್ಪ ದೂರದಲ್ಲಿ ಇರುತ್ತೆ."

ಎರಡು ವರ್ಷ ಯಾರ ಕಿವಿಯ ಮೇಲೆ ಹೂ ಇಟ್ಟಿದ್ದರು ಎಂದು ಆಗ ತಿಳಿಯಿತು. ಅಳು ಬರಲಿಲ್ಲ, ಸಿಟ್ಟು ಬಂತು.

"ನಮ್ಮ ಮನೆ ಮುಟ್ಟೋಲ್ಲ ಅಂದಿದ್ಯಲ್ಲೋ," ಎಂದರು ಅತ್ತೆ.

ಹಲ್ಲುಪುಡಿ ನಕ್ಕ. "ನಾನೆಲ್ಲಿ ಮುಟ್ತೀನಿ ಅಜ್ಜಿ? ಯಂತ್ರ ಮುಟ್ಟುತ್ತೆ. ನೀವು ನಗ್ತಾ ಇರಿ."

ಅತ್ತೆಯ ಮುಖ ಸಣ್ಣದಾಯಿತು. "ಸ್ಯಾಂಪಲ್ಲು ಅಂತ ನನ್ನ ಮಗ ಬಡ್ಕೊಂಡ. ಮುದುಕಿ ನಾನು, ಕೇಳಲಿಲ್ಲ," ಎಂದರು. ಅವರ ಕಣ್ಣಲ್ಲಿ ನೀರು ನೋಡಿ ನನಗೆ ಹಲ್ಲುಪುಡಿಯ ಎಲ್ಲ ಹಲ್ಲುಗಳನ್ನೂ ಉದುರಿಸಬೇಕೆನ್ನಿಸಿತು. ಆದರೆ ಅತ್ತೆ ನನಗಿಂತ ಮೊದಲು ಚೇತರಿಸಿಕೊಂಡರು. ಬಾಲ್ಕನಿಯ ಕಂಬಿ ಹಿಡಿದು ಬಗ್ಗಿದರು.

"ಏ ಹೊಲಿಗೆಯೋಳೇ! ಏ ಇಸ್ತ್ರಿಯಪ್ಪಾ! ನಾಳೆ ನಮ್ಮ ಮನೆಗಳನ್ನ ಕೆಡವಿ ಹುಲ್ಲು ಬೆಳೀತಾರಂತೆ ಕಣ್ರೋ! ಎಲ್ಲಾರೂ ಹತ್ತಿ ಬನ್ನಿ! ಚಾಪೆ ತಗೊಂಡು ಬನ್ನಿ!"

ನಲ್ಲಿಯ ಜಗಳದಲ್ಲಿ ಪಳಗಿದ ಗಂಟಲು. ನಮ್ಮ ಭಾಷೆ ಬಾರದವರನ್ನು ಅವರವರ ಭಾಷೆಯ ಬೈಗುಳದಲ್ಲೇ ಕರೆದರು. ಯಾರಿಗೂ ಅನುಮಾನ ಉಳಿಯಲಿಲ್ಲ.

ಬಂದರು. ಕೊಳ್ಳುವವರ ಲಿಫ್ಟಿನಲ್ಲೇ ಬಂದರು. ಚಾಪೆ, ಕೂಸು, ಒಲೆ, ಹೊಲಿಗೆ ಯಂತ್ರ, ಒಂದು ಕುಂಟು ಕೋಳಿ. ಹಲ್ಲುಪುಡಿ "ಶೂ, ಶೂ" ಎಂದು ಕೋಳಿಯನ್ನು ಮಾತ್ರ ಅಟ್ಟಿದ, ಮಿಕ್ಕವರನ್ನು ಅಟ್ಟುವ ಧೈರ್ಯ ಸಾಲಲಿಲ್ಲ. ಗಂಡ ಬಚ್ಚಲಿನ ಬೀಗ ಒಡೆದ. ಅತ್ತೆ ಮೊದಲು ಹೋಗಿ ಬಂದರು. ಒಳಗೆ ನೀರಿರಲಿಲ್ಲ. ಅದು ಹಲ್ಲುಪುಡಿಯ ತಾಪತ್ರಯ. ಅಷ್ಟೂ ಜನ ಕೂತ ಮೇಲೂ ಬಟ್ಟೆಯ ಕೋಣೆ ಖಾಲಿಯೇ ಇತ್ತು.

ಮನೆ ನೋಡಲು ಬಂದಿದ್ದ ಹೆಂಗಸು ಗಂಡನ ತೋಳು ಹಿಡಿದಳು. "ನಡೀರಿ. ಇನ್ನೊಬ್ಬರ ಮನೆ ಮೇಲೆ ಉಯ್ಯಾಲೆ ಆಡೋದು ನಮಗೆ ಬೇಡ." ಆತ ಕೊನೆಗೊಮ್ಮೆ ಗೋಡೆ ತಟ್ಟಿ ಹೊರಟ.

ಹಲ್ಲುಪುಡಿಗೆ ಈಗ ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. "ಏಳ್ರಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದ.

"ತಗಡು ಮುಟ್ಟೋಲ್ಲ ಅಂತ ನಿಮ್ಮ ಸಾಹೇಬ ಬರೆದು ಕೊಡ್ಲಿ. ಎದ್ದು ಹೋಗ್ತೀವಿ," ಎಂದೆ ನಾನು. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಆರೂ ಭಾಷೆಯವರು ಹೌದು ಹೌದೆಂದರು.

ಆಗಲೇ ಹಲ್ಲುಪುಡಿಯ ಫೋನ್ ಬಡಿದುಕೊಂಡಿತು. ಕಟ್ಟಡದ ಸಾಹೇಬನದು. ಹಲ್ಲುಪುಡಿ ಗಾಬರಿಯಲ್ಲಿ ಏನು ಒತ್ತಿದನೋ, ಮಾತು ಮನೆಯೆಲ್ಲ ಕೇಳಿಸಿತು.

"ಏನಯ್ಯಾ, ಜನ ಬಂದ್ರಾ?"

"ಬಂದಿದ್ದಾರೆ ಸಾರ್. ನಲವತ್ತೆರಡು ಜನ."

"ನಲವತ್ತೆರಡಾ! ಮನೆ ಇಷ್ಟ ಆಯ್ತಂತಾ?"

"ಆಗಿದೆ ಸಾರ್. ಯಾರೂ ಎದ್ದು ಹೋಗ್ತಾನೇ ಇಲ್ಲ."

"ಭೇಷ್! ಬಾಗಿಲು ಹಾಕ್ಕೋ! ಕಾಗದ ಪತ್ರ ತಗೊಂಡು ನಾನೇ ಬರ್ತೀನಿ. ಅಲ್ಲೀವರೆಗೂ ಒಬ್ಬರನ್ನೂ ಹೊರಗೆ ಬಿಡಬೇಡ!"

ಅತ್ತೆ ಸೋಫಾಕ್ಕೆ ಚೆನ್ನಾಗಿ ಒರಗಿ ಕೂತರು.

"ಕೇಳಿಸ್ತೇನ್ರೋ? ದೊಡ್ಡೋರ ಮಾತು ಮೀರಬಾರದು. ಬಾಗಿಲು ಹಾಕ್ರಿ."