ಎರಡು ಮೀನು, ಒಂದು ಹಲಗೆ

ನಾನೊಂದು ಹಲಸಿನ ಹಲಗೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ. ಕುಂದಾಪುರದ ಕಡೆಯ ಗಣಪ ಆಚಾರಿಯವರು ನನ್ನನ್ನು ಕೊಯ್ದು, ಉಜ್ಜಿ, ಎಣ್ಣೆ ಕುಡಿಸಿ ಹೊಳೆಯುವಂತೆ ಮಾಡಿದರು.

ನನ್ನನ್ನು ಮಾಡಿಸಿದ್ದು ಗಾಳ ಹಾಕುವವರ ಸಂಘ. ವರ್ಷದ ಅತ್ಯುತ್ತಮ ಮೀನಿನ ಚರ್ಮಕ್ಕೆ ನಾರು ತುಂಬಿ, ಒಣಗಿಸಿ, ನನ್ನ ಮೇಲೆ ಕೂರಿಸಿ ಗೋಡೆಗೆ ತೂಗುಹಾಕಬೇಕೆಂದು ಅವರ ಠರಾವು. ಆದರೆ ಯಾವುದು ಅತ್ಯುತ್ತಮ? ಜಗಳ ಮುಗಿಯಲಿಲ್ಲ. ಎರಡು ವರ್ಷ ನನ್ನ ಮೇಲೆ ಚಹಾದ ಲೋಟ ಕೂತಿತು, ಇಸ್ಪೀಟು ಬಿತ್ತು, ಮೀನು ಮಾತ್ರ ಬರಲಿಲ್ಲ.

ಮೂರನೆಯ ವರ್ಷ ಸಂಘದ ಅಧ್ಯಕ್ಷ ವಿಠಲಣ್ಣ, ಈ ಸಲದ ಮೀನು ತುಂಬಿ ಕೂರಿಸಲೆಂದು, ನನ್ನನ್ನು ವಾರಿಜಳ ಕೈಗೆ ಕೊಟ್ಟರು. ಎಂಟನೆಯ ತರಗತಿಗೇ ಶಾಲೆ ಬಿಟ್ಟ ಹುಡುಗಿ. ಅವಳ ಸೋದರಮಾವ ಕಾಲೇಜೊಂದರಲ್ಲಿ ಸತ್ತ ಹಕ್ಕಿ, ಮೀನುಗಳ ಚರ್ಮಕ್ಕೆ ನಾರು ತುಂಬಿ ಪ್ರದರ್ಶನಕ್ಕಿಡುತ್ತಿದ್ದವರು. ಅವರ ಕೈ ನಡುಗತೊಡಗಿದ ಮೇಲೆ ಚೂರಿ ಹಿಡಿದವಳು ಇವಳೇ. ಆದರೂ ಅವಳದೇ ಎಂಬ ಕೆಲಸ ಇದು ಮೊದಲನೆಯದು.

"ಇದೊಂದ್ ಹಾಳಾದ್ರೆ ಮತ್ಯಾರೂ ನಿನ್ ಕೈಗೆ ಮೀನ್ ಕೊಡುದಿಲ್ಲ ಹೆಣ್ಣೇ" ಎಂದರು ಮಾವ.

ಸಂಘದ ವಾರ್ಷಿಕ ಗಾಳದ ಸ್ಪರ್ಧೆಯ ದಿನ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಕಡಲ ಕಲ್ಲುದಂಡೆಗೆ ಬಂದಳು. ಯಾರ ಮುಖವನ್ನೂ ನೋಡಲಿಲ್ಲ, ಎಲ್ಲರ ಕೈಗಳನ್ನು ನೋಡುತ್ತಿದ್ದಳು. ವಿಠಲಣ್ಣನ ಗಾಳಕ್ಕೆ ಒಂಬತ್ತು ಕಿಲೋದ ಮುರು ಮೀನು ಬಿತ್ತು. ಅದನ್ನು ಕಲ್ಲುಗಳ ಮೇಲೆ ದರದರ ಎಳೆದು ತಂದರು. ತೂಕ ನೋಡುವಾಗ ವಾಡಿಕೆಯಂತೆ ಕಿವಿರಿಗೆ ಕೊಕ್ಕೆ ಚುಚ್ಚಿ ನೇತುಹಾಕಿದರು. ಊರಿಡೀ ಕೇಳುವಂತೆ ಕೇಕೆ.

ಆಮೇಲೆ ಮುದುಕ ಬಾಬು ಮರಕಾಲರು ಬರಿಮೈಯಲ್ಲಿ ಬಂದರು. ಹೆಗಲ ಮೇಲಿನ ಬಟ್ಟೆ, ಬೈರಾಸನ್ನು ಒದ್ದೆ ಮಾಡಿ ಅದರಲ್ಲಿ ಮೂರು ಕಿಲೋದ ಕೆಂಬೇರಿ ಮೀನನ್ನು ಸುತ್ತಿ ಎದೆಗವಚಿದ್ದರು.

"ಎಂತ ಬಾಬಣ್ಣ, ತೊಟ್ಲ್ ಕಟ್ಕಾ?" ಎಂದರು ವಿಠಲಣ್ಣ.

"ಕಟ್ಟ್ ಮಾರಾಯ. ಹೆಸ್ರೂ ನೀನೇ ಇಡ್."

ಎಲ್ಲರೂ ನಕ್ಕರು. ವಿಠಲಣ್ಣ ಮುರು ಮೀನನ್ನು ತಂದು ನನ್ನ ಮೇಲೆ ಹಾಕಿ, "ಹ್ಞೂಂ, ಶುರು ಮಾಡ್" ಎಂದರು.

ವಾರಿಜಳ ಬೆರಳು ನನ್ನ ಅಂಚನ್ನು ಗಟ್ಟಿಯಾಗಿ ಹಿಡಿಯಿತು. ಬೆವರು ನನಗೆ ತಾಗಿತು.

"ಇದ್ ಆಪುದಲ್ಲ ಅಣ್ಣ."

ಅಷ್ಟು ಸಣ್ಣ ದನಿಗೆ ದಂಡೆಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು.

"ಒಂಬತ್ ಕಿಲೋ ಆಪುದಲ್ವಾ? ಬಾಬಣ್ಣನ ಮರಿ ಆತ್ತಾ?" ಎಂದರು ವಿಠಲಣ್ಣ.

"ತೂಕ ಗ್ವಾಡಿ ಮೇಲೆ ಕಾಂಬುದಿಲ್ಲ. ಮೀನ್ ಕಾಂಬುದ್." ಅವಳು ಬೆರಳಿಟ್ಟು ತೋರಿಸಿದಳು. ಆ ಬದಿಯ ಹುರುಪೆಗಳೆಲ್ಲ ಕಲ್ಲಿಗೆ ಕಿತ್ತುಹೋಗಿದ್ದವು, ರೆಕ್ಕೆ ಸೀಳಿತ್ತು.

"ಒಂದ್ ಬದಿ ಹೇಗೂ ಗ್ವಾಡಿಗೆ ಹೋತ್ತಲೆ? ಇದನ್ನ ಒಳಗ್ ಮಾಡ್."

"ತಿರುಗ್ಸಿ ಕಾಣಿ."

ವಿಠಲಣ್ಣ ತಿರುಗಿಸಿದರು. ಕೊಕ್ಕೆ ಚುಚ್ಚಿದ ಕಿವಿರು ಹರಿದು ಚಿಂದಿಯಾಗಿ ಜೋತಿತ್ತು.

"ಯಾವ ಮೈ ಗ್ವಾಡಿಗೆ ಕೊಡ್ಲಿ, ಹೇಳಿ" ಎಂದಳು ವಾರಿಜ.

ಬಾಬು ಮರಕಾಲರು ಬೈರಾಸು ಬಿಡಿಸಿದರು. ಒಂದು ಹುರುಪೆಯೂ ಅಲುಗದ ಕೆಂಬೇರಿ ಬಿಸಿಲಿಗೆ ಕೆಂಡದಂತೆ ಹೊಳೆಯಿತು. ಯಾರೋ "ಅಬ್ಬ!" ಎಂದರು. ವಿಠಲಣ್ಣ ತಮ್ಮ ಮೀನನ್ನು ತಾವೇ ಎತ್ತಿಕೊಂಡು ನನ್ನನ್ನು ತೆರವು ಮಾಡಿದರು.

ಬಣ್ಣ ಮಾಸುವ ಮೊದಲೇ ವಾರಿಜ ಹಳೆಯ ಪತ್ರಿಕೆಯ ಮೇಲೆ ಮೀನಿನ ಆಕಾರ ಬರೆದುಕೊಂಡಳು, ಎಲ್ಲಿ ಕೆಂಪು, ಎಲ್ಲಿ ಬೆಳ್ಳಿ ಎಂದು ಗುರುತು ಹಾಕಿದಳು. ಚರ್ಮ ಬಿಡಿಸಿ, ಕೆಡದಂತೆ ಬಿಳಿಗಾರ ಸವರಿ, ತೆಂಗಿನ ನಾರು ತುಂಬಿ, ತಿಂಗಳು ಕಳೆದು ಬಣ್ಣ ಹಚ್ಚಿ ನನ್ನ ಮೇಲೆ ಕೂರಿಸಿದಳು. ಈಗಷ್ಟೇ ನೀರಿನಿಂದ ಹಾರಿದಂತಿತ್ತು. ವಿಠಲಣ್ಣ ಬಹಳ ಹೊತ್ತು ನೋಡಿದರು. ಮರುದಿನ ತಾವೇ ಒಂದು ತಗಡು ಬರೆಸಿ ತಂದು ನನ್ನ ಕೆಳಗೆ ಹೊಡೆದರು: 'ಹಿಡಿದವರು ಬಾಬು ಮರಕಾಲ. ಆರಿಸಿ ಕಟ್ಟಿದವರು ವಾರಿಜ.' ತೂಕ ಬರೆಸಿರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಒಂದು ಮೂಲೆಗೆ ಹುಳ ಹಿಡಿದಿದೆ. ಪಕ್ಕದಲ್ಲಿ ಇನ್ನೂ ಹನ್ನೊಂದು ಹಲಗೆಗಳಿವೆ, ಎಲ್ಲವೂ ಅವಳ ಕೈಯವೇ. ನನ್ನ ಮೇಲೆ ಕೂತದ್ದು ಎಲ್ಲಕ್ಕಿಂತ ಚಿಕ್ಕ ಮೀನು, ಆದರೂ ಬಂದವರು ಮೊದಲು ನಿಲ್ಲುವುದು ನನ್ನ ಎದುರಿಗೇ. ಸ್ಪರ್ಧೆಯ ದಿನ ಗಂಡಸರೆಲ್ಲ ತಮ್ಮ ಮೀನನ್ನು ಒದ್ದೆ ಬಟ್ಟೆಯಲ್ಲಿ ತಂದು ಅವಳ ಮುಂದಿಡುತ್ತಾರೆ. "ಇದ್ ಆತ್ತಾ ಅಕ್ಕ?" ಎಂದು ಕೇಳಿ ಕಾಯುತ್ತಾರೆ. ಅವಳು ಇಂದಿಗೂ ಹೆಚ್ಚು ಮಾತಾಡುವವಳಲ್ಲ. ನಿಧಾನವಾಗಿ ಮೀನನ್ನು ತಿರುಗಿಸಿ ನೋಡುತ್ತಾಳೆ.